ಒಂದು ಅಕ್ಷರದ ಹಿಂದೆ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಹೆಂಡತಿ ವತ್ಸಲಾಳ ಹಣೆಗೆ ರಾಮಮೂರ್ತಿ ಬಗ್ಗಿ ಕುಂಕುಮ ಇಟ್ಟರು. ಅರ್ಧ ಕುಂಕುಮ ಅವಳ ಮೂಗಿನ ಮೇಲೆ ಉದುರಿತು.

"ಬಿಡಿ ಅಪ್ಪ, ನಾನು ಒರೆಸ್ತೀನಿ." ಮಗಳು ಅಪರ್ಣ ಟಿಶ್ಯೂ ತೆಗೆದಳು. ಸಿಡ್ನಿಯ ಕೆಲ್ಲಿವಿಲ್‌ನಿಂದ ಮೊನ್ನೆ ಬಂದಿಳಿದಾಗಿನಿಂದ ಅವಳು ಹೂವು, ಪುರೋಹಿತರು, ಎಪ್ಪತ್ತು ಜನಕ್ಕೆ ಕಾಫಿ ಎಂದು ಓಡಾಡುತ್ತಲೇ ಇದ್ದಳು. "ಹನ್ನೊಂದಕ್ಕೆ ಕ್ರಿಮೆಟೋರಿಯಂನೋರು ಹಾಲ್ ಬಿಟ್ಕೊಡ್ತಾರೆ. ಫಾರ್ಟಿಫೈವ್ ಮಿನಿಟ್ಸ್ ಅಷ್ಟೇ. ನೀವು ಏನಾದ್ರೂ ಮಾತಾಡ್ತೀರಾ?"

"ನಾನೇನು ಮಾತಾಡ್ಲಿ. ಗೋಪೀನಾಥ ಇದಾನಲ್ಲ."

ಗೋಪೀನಾಥ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಅವರ ಪಕ್ಕದ ಬೀದಿಯವನು, ಮೂವತ್ತು ವರ್ಷದ ಗೆಳೆಯ. ಮದುವೆಯಿರಲಿ ಸಾವಿರಲಿ, ಮೈಕು ಅವನ ಕೈಗೇ ಹೋಗುತ್ತಿತ್ತು.

ರಾಮಮೂರ್ತಿ ಹೊರಗೆ ಬಂದರು. ಮೆಲ್ಬರ್ನಿನ ಜೂನ್ ಚಳಿ ಮುಖಕ್ಕೆ ರಾಚಿತು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹತ್ತಿರ ಬಂದಳು.

"ಅಂಕಲ್, ನಾನು ಉಷಾ. ಸಿಡ್ನಿ, ಟೂಂಗಾಬಿಯಿಂದ ಬೆಳಗಿನ ಫ್ಲೈಟಲ್ಲಿ ಬಂದೆ. ಸ್ಕೂಲಲ್ಲಿ ಲ್ಯಾಟಿನ್ ಹೇಳ್ಕೊಡ್ತೀನಿ. ಆಂಟಿ ಜೊತೆ ಆ ಪದ್ಯದ ಕೆಲಸ..."

"ಓ, ಆ ಪದ್ಯ," ಎಂದರು ರಾಮಮೂರ್ತಿ. ಹೆಂಡತಿ ಒಳಗೆ ಪೆಟ್ಟಿಗೆಯಲ್ಲಿ ಮಲಗಿರುವಾಗಲೂ ದನಿಯಲ್ಲಿ ಹಳೆಯ ಬೇಸರ ಇಣುಕಿತು.

*

ವತ್ಸಲಾ ಯೂನಿವರ್ಸಿಟಿ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದಳು. ಒಂದು ದಿನ ಯಾವುದೋ ಸಂಕಲನದಲ್ಲಿ ಹನ್ನೆರಡು ಸಾಲಿನ ಲ್ಯಾಟಿನ್ ಪದ್ಯ ಕಣ್ಣಿಗೆ ಬಿತ್ತು. ಕವಿಯ ಹೆಸರಿಲ್ಲ. ಬಿಷಪ್ಪನದು ಎಂದು ಒಬ್ಬ ಪಂಡಿತ, ಸನ್ಯಾಸಿಯದು ಎಂದು ಇನ್ನೊಬ್ಬ. ಅದನ್ನು ಓದಲೆಂದೇ ಅವಳು ನಲವತ್ತೆಂಟನೇ ವಯಸ್ಸಿನಲ್ಲಿ ಸಂಜೆ ಕ್ಲಾಸಿಗೆ ಸೇರಿ ಲ್ಯಾಟಿನ್ ಕಲಿತಳು.

"ಇದು ಗಂಡಸು ಬರೆದಿದ್ದಲ್ಲ ರೀ," ಎಂದಳು ಒಂದು ರಾತ್ರಿ ಊಟ ಬಡಿಸುತ್ತ. "'ದಣಿದವನು' ಅಂತ ಅಚ್ಚಾಗಿದೆ. ಮೂಲದಲ್ಲಿ 'ದಣಿದವಳು' ಅಂತಿರಬೇಕು. ಯಾರೋ ತಿದ್ದಿದಾರೆ. ನಮ್ಮ ಕನ್ನಡದ ಥರಾನೇ, ಪದದ ತುದೀಲಿ ಒಂದಕ್ಷರ ಅಷ್ಟೇ ವ್ಯತ್ಯಾಸ."

ಉಳಿದಿದ್ದ ಕೈಬರಹದ ಪ್ರತಿ ಒಂದೇ. ಅದಿದ್ದದ್ದು ಆಸ್ಟ್ರಿಯಾದ ಒಂದು ಮಠದಲ್ಲಿ. ಹತ್ತು ವರ್ಷ ಕಾಗದ ಬರೆದರೂ ಮಠದವರು ಅದರ ನಕಲು ಕಳಿಸಲಿಲ್ಲ. ಬೇಕಾದರೆ ಬಂದು ನೋಡಿ ಎಂದರು.

ರಿಟೈರ್ ಆದಮೇಲೆ ಇಬ್ಬರೂ ಯೂರೋಪ್ ಟೂರಿಗೆ ಹೋದರು. ಆಸ್ಟ್ರಿಯಾದಲ್ಲಿ ಬಸ್ಸು ಒಂದು ಕಡೆ ಕಾಫಿಗೆ ನಿಂತಿತು.

"ರೀ, ಇಲ್ಲಿಂದ ಮಠ ನಲವತ್ತೇ ಕಿಲೋಮೀಟರ್. ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಟ್ಯಾಕ್ಸಿ ಮಾಡ್ಕೊಂಡು ಹೋಗಿ ಸಂಜೆ ಹೋಟೆಲ್ ಸೇರ್ಕೊಳ್ಳೋಣ."

"ಒಂದಕ್ಷರ ನೋಡೋಕಾ? ಮಧ್ಯಾಹ್ನ ಚಾಕೊಲೇಟ್ ಫ್ಯಾಕ್ಟರಿ ಇದೆ, ದುಡ್ಡು ಕಟ್ಟಾಗಿದೆ. ಯಾರು ಬರೆದ್ರೆ ಏನೀಗ? ಸತ್ತು ಸಾವಿರ ವರ್ಷ ಆಗಿದೆ."

ಹಿಂದಿನ ಸೀಟಿನವರು ನಕ್ಕರು. ವತ್ಸಲಾ ಮತ್ತೆ ಕೇಳಲಿಲ್ಲ. ಬಸ್ಸು ಹೊರಟಾಗ ಮಠವಿದ್ದ ಬೆಟ್ಟದ ದಿಕ್ಕಿಗೆ ತಿರುಗಿ ಕುಳಿತಳು. ಊರು ದಾಟಿ ಎಷ್ಟೋ ಹೊತ್ತಾದರೂ ಈ ಕಡೆ ತಿರುಗಲಿಲ್ಲ. ರಾಮಮೂರ್ತಿ ನಿದ್ದೆ ಹೋದರು.

*

"ಮೂರು ವರ್ಷದ ಹಿಂದೆ ಮಠದವರು ಕೊನೆಗೂ ಫೋಟೋ ಕಳಿಸಿದ್ರಲ್ಲ ಅಂಕಲ್," ಎಂದಳು ಉಷಾ. "ಆಂಟಿ ಹೇಳ್ಲಿಲ್ವಾ?"

"ಇಲ್ಲ. ಏನಿತ್ತು?"

"ಆ ಅಕ್ಷರ ಇರೋ ಜಾಗದಲ್ಲೇ ಹುಳ ತಿಂದು ತೂತಾಗಿದೆ. ಅವನು ಅಂತಾನೂ ಹೇಳೋಕಾಗಲ್ಲ, ಅವಳು ಅಂತಾನೂ ಹೇಳೋಕಾಗಲ್ಲ. ಆಂಟಿ ಫೋನಲ್ಲಿ ನಕ್ರು. ಸ್ವಲ್ಪ ಹೊತ್ತಾದ್ಮೇಲೆ ಅದು ನಗು ಥರ ಕೇಳಿಸ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

ಉಷಾ ತಲೆ ತಗ್ಗಿಸಿದಳು. "'ನಮ್ಮನೆಯವರಿಗೆ ಗೊತ್ತಾಗೋದು ಬೇಡ. ಆವತ್ತು ಬಸ್ಸಿಂದ ಇಳೀದೇ ಇದ್ದಿದ್ದೇ ಒಳ್ಳೇದಾಯ್ತು ಅಂತಾರೆ' ಅಂದ್ರು."

ನಿಜ, ಹಾಗೇ ಅನ್ನುತ್ತಿದ್ದರು. ನಾಲ್ಕು ಜನರೆದುರು ಅನ್ನುತ್ತಿದ್ದರು. ಈ ಮೂರು ವರ್ಷವೂ ಅವಳ ಮೇಜಿನ ಹತ್ತಿರ ಹಾದುಹೋಗುವಾಗೆಲ್ಲ ಅವರು "ಸಿಕ್ಕಿದಳಾ ನಿನ್ನ ಕವಿ?" ಎಂದು ಕೆಣಕಿದ್ದರು. ಅವಳು ತಲೆಯೆತ್ತದೆ "ಇನ್ನೂ ಇಲ್ಲ ರೀ" ಎನ್ನುತ್ತಿದ್ದಳು.

ಉಷಾ ಚೀಲದಿಂದ ಒಂದು ಹಾಳೆ ತೆಗೆದಳು. "ಆಮೇಲೆ ಆಂಟಿ ಪದ್ಯಾನ ಕನ್ನಡಕ್ಕೆ ತಂದ್ರು. ನನಗೆ ಕನ್ನಡ ಸರಾಗವಾಗಿ ಓದೋಕೆ ಬರಲ್ಲ. ಇವತ್ತು ಯಾರಾದ್ರೂ ಓದಿದ್ರೆ ಅಂತ ತಂದೆ."

*

ಹಾಲಿನಲ್ಲಿ ಗೋಪೀನಾಥ ವತ್ಸಲಾಳ ಬಿಸಿಬೇಳೆಬಾತಿನ ಬಗ್ಗೆ ಮಾತಾಡಿದ. ರಾಜ್ಯೋತ್ಸವದ ಸ್ಟೇಜಿಗೆ ಅವಳು ಹಾಕುತ್ತಿದ್ದ ರಂಗೋಲಿಯ ಬಗ್ಗೆ ಮಾತಾಡಿದ. "ಯಾವತ್ತೂ ಏನನ್ನೂ ಬೇಕು ಅಂತ ಕೇಳಿದೋರಲ್ಲ," ಎಂದು ಕಣ್ಣೊರೆಸಿಕೊಂಡ.

ರಾಮಮೂರ್ತಿ ಎದ್ದು ನಿಂತರು. ಅಪರ್ಣ ಗಾಬರಿಯಿಂದ ತೋಳು ಹಿಡಿದಳು; ಅವರು ಬಿಡಿಸಿಕೊಂಡು ಮೈಕಿನ ಹತ್ತಿರ ಹೋಗಿ ಉಷಾ ಕೊಟ್ಟಿದ್ದ ಹಾಳೆ ಬಿಚ್ಚಿದರು. ದುಂಡಗಿನ ಅಕ್ಷರ. ಫ್ರಿಜ್ಜಿನ ಮೇಲೆ ಅಂಟಿಸುತ್ತಿದ್ದ ಸಾಮಾನಿನ ಚೀಟಿಗಳಲ್ಲಿ ಬಿಟ್ಟರೆ ಅವಳ ಬರಹವನ್ನು ಅವರು ಓದಿದ್ದೇ ಇಲ್ಲ.

"ಕೊನೆಯ ಗಂಟೆ ಬಡಿದಾಯಿತು, ಒಲೆಯಲ್ಲಿ ಬರೀ ಬೂದಿ," ಎಂದು ಶುರುಮಾಡಿದರು. "ಎಲ್ಲರ ಬಟ್ಟಲೂ ತೊಳೆದಿಟ್ಟೆ, ದೀಪಕ್ಕೆ ಎಣ್ಣೆಯಿಲ್ಲ..." ಓದುತ್ತ ಓದುತ್ತ ದನಿ ಗಟ್ಟಿಯಾಯಿತು. ಕೊನೆಯ ಸಾಲಿನಲ್ಲಿ ತಡೆದು ನಿಂತರು. ಆ ಒಂದು ಪದದ ಜಾಗವನ್ನು ವತ್ಸಲಾ ಖಾಲಿ ಬಿಟ್ಟಿದ್ದಳು. ಕಣ್ಣಾರೆ ಕಾಣದ್ದನ್ನು ಬರೆಯಲು ಅವಳಿಗೆ ಕೈ ಬಂದಿರಲಿಲ್ಲ.

ಯಾರೋ "ನೀರು ಕೊಡಿ" ಎಂದು ಪಿಸುಗುಟ್ಟಿದರು.

"ದಣಿದವಳು," ಎಂದರು ರಾಮಮೂರ್ತಿ. ಹಿಂದಿನ ಸಾಲಿನಲ್ಲಿ ಉಷಾ ಥಟ್ಟನೆ ತಲೆಯೆತ್ತಿದಳು. "ದಣಿದವಳು ನಾನು, ಒಡೆಯ. ಇನ್ನಾದರೂ ಕೂರಲೇ?"

ಜನ ಅದನ್ನು ದೇವರನಾಮವೆಂದುಕೊಂಡು ಕೈಮುಗಿದರು. ಪುರೋಹಿತರು ಗಡಿಯಾರ ನೋಡಿ ಮಂತ್ರ ಮುಗಿಸಿದರು. ಅಪ್ಪ ಮಗಳು ಸೇರಿ ಗುಂಡಿ ಒತ್ತಿದರು. ಪೆಟ್ಟಿಗೆ ಸದ್ದಿಲ್ಲದೆ ಪರದೆಯಾಚೆ ಸರಿಯಿತು.

ಎಲ್ಲರೂ ಕಾಫಿಗೆ ಹೋದರು. ರಾಮಮೂರ್ತಿ ಒಬ್ಬರೇ ಬಾಗಿಲ ಬಳಿ ನಿಂತರು. ಗೋಡೆಯ ಮೇಲಿನ ಟಿವಿಯಂಥ ಫಲಕದಲ್ಲಿ ಇಂಗ್ಲಿಷಿನಲ್ಲಿ 'ವಿ. ರಾಮಮೂರ್ತಿ, 11.00' ಎಂದಿತ್ತು. ಫಾರಂ ತುಂಬುವಾಗ ವತ್ಸಲಾ ಎಂದು ಪೂರ್ತಿ ಬರೆಯದೆ 'ವಿ.' ಎಂದಷ್ಟೇ ಹಾಕಿದ್ದು ಅವರೇ.

ಮುಂದಿನ ಅಂತ್ಯಕ್ರಿಯೆಗೆ ಬೇಗ ಬಂದಿದ್ದ, ಕಪ್ಪು ಕೋಟಿನ ಬಿಳಿಯ ಅಜ್ಜಿಯೊಬ್ಬಳು ಆ ಹೆಸರನ್ನು ಓದಿ, ಅವರತ್ತ ತಿರುಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು, "ನಿಮ್ಮ ತಮ್ಮನಾ?"

ಅಲ್ಲ ಎನ್ನಲು ಅವರು ಫಲಕದತ್ತ ಬೆರಳೆತ್ತಿದರು. ಅಷ್ಟರಲ್ಲಿ ಅದು ಬದಲಾಯಿತು. ಅವರ ಬೆರಳು ಹನ್ನೆರಡು ಗಂಟೆಯವರ ಹೆಸರನ್ನು ತೋರಿಸುತ್ತ ಹಾಗೇ ನಿಂತಿತ್ತು.