ಸಿಂಹಾಸನದ ಹನ್ನೆರಡು ಹಾಡು

ನನ್ನ ಅಣ್ಣ ರಾಜೇಶನನ್ನು ನೀವು ‘ಶಾರ್ಕ್’ ಎಂಬ ಹೆಸರಿನಲ್ಲಿ ಕೇಳಿರುತ್ತೀರಿ. ನಮ್ಮೂರು ಭಾವಿಕೇರಿಯಲ್ಲಿ ಅವನು ಮೋರಿ. ಶಾಲೆಯಲ್ಲಿ ಅವನ ಹಲ್ಲು ನೋಡಿ ಇಟ್ಟ ಹೆಸರು; ನಮ್ಮ ಕಡೆ ಮೋರಿ ಎಂದರೆ ಶಾರ್ಕ್ ಮೀನು. ಮೊದಲ ಹಾಡಿಗೂ ಅದೇ ಹೆಸರು ಹಾಕಿಕೊಂಡಿದ್ದ. ಆಮೇಲೆ ಬೆಂಗಳೂರಿನ ಆಲ್ಬಮ್ ಕಂಪನಿಯವರು ಬಂದರು. ಇಲ್ಲಿ ಮೋರಿ ಎಂದರೆ ಚರಂಡಿ, ಪೋಸ್ಟರಿನ ಮೇಲೆ ಹಾಕಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ಮೀನನ್ನು ಇಂಗ್ಲಿಷಿಗೆ ತಿರುಗಿಸಿಬಿಟ್ಟರು.

ಮೊದಲ ಹಾಡು ಬಸ್ಸಿನಲ್ಲಿ ಹುಟ್ಟಿದ್ದು. ಡಿಗ್ರಿ ಓದುವಾಗ ಮೂರು ವರ್ಷ ಅಂಕೋಲೆಯಿಂದ ಕಾರವಾರಕ್ಕೆ ಅವನಿಗೆ ಸೀಟು ಸಿಕ್ಕಿದ್ದು ಅಪರೂಪ. ಹಟ್ಟಿಕೇರಿ ಬರುವಷ್ಟರಲ್ಲಿ ಒಂದು ಕಾಲು ಊರಲೂ ಜಾಗ ಇರುತ್ತಿರಲಿಲ್ಲ. ನಿಂತಲ್ಲೇ ಬಾಯಲ್ಲಿ ತಾಳ ಹಾಕುತ್ತ ಕಟ್ಟಿದ್ದು ಅದು:

ಒಂದ್ ಕಾಲು ನಂದು, ಇನ್ನೊಂದ್ ಯಾರ್ದು?
ಬುಟ್ಟಿ ಬಂಗಡೆನೂ ನಂಗಿಂತ ಆರಾಮ್ ಕೂತದು

ಹಾಡು ಹೇಗೆ ಹಬ್ಬಿತೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ‘ಮುಂದೆ ಹೋಗಿ’ ಎಂದರೆ ಕಾಲೇಜು ಹುಡುಗಿಯರು ಅದನ್ನೇ ಹಾಡಿ ಉತ್ತರ ಕೊಡುತ್ತಿದ್ದರು. ಮದುವೆ ಮನೆಯಲ್ಲಿ, ರಿಕ್ಷಾದಲ್ಲಿ, ಎಲ್ಲೆಡೆ ಅದೇ. ಅಣ್ಣ ಬೆಂಗಳೂರಿಗೆ ಹೋದ. ಎರಡನೆಯ ಆಲ್ಬಮ್ ಪರವಾಗಿಲ್ಲ ಎನ್ನುವಂತಿತ್ತು. ಮೂರನೆಯದಕ್ಕೆ ಜನ ಮೂರು ವರ್ಷ ಕಾದರು.

ಅದರ ಹೆಸರು ‘ಸಿಂಹಾಸನ’. ಹನ್ನೆರಡು ಹಾಡು. ಮುಖಪುಟದಲ್ಲಿ ಅಣ್ಣ ಚಿನ್ನದ ಬಣ್ಣದ ಕುರ್ಚಿಯ ಮೇಲೆ, ಅಕ್ಕಪಕ್ಕ ಕಂಪ್ಯೂಟರಿನಲ್ಲಿ ಮಾಡಿದ ಎರಡು ಸಿಂಹ. ಒಂದು ಸಿಂಹಕ್ಕೆ ಐದು ಕಾಲು. ಮೊದಲ ಹಾಡು ಹೀಗೆ ಶುರುವಾಗುತ್ತದೆ:

ನಾನೇ ರಾಜ, ನಂದೇ ರಾಜ್ಯ
ನನ್ನ ಮುಂದೆ ನೀನು ತ್ಯಾಜ್ಯ

ಉಳಿದ ಹನ್ನೊಂದು ಹಾಡೂ ಇದೇ ಮಾತನ್ನು ಬೇರೆ ಬೇರೆ ಕಾರುಗಳ ಹೆಸರು ಸೇರಿಸಿ ಹೇಳುತ್ತವೆ. ನಾನು ಫೋನಿನಲ್ಲಿ ಹಾಕಿದಾಗ ನಮ್ಮಮ್ಮ, ಆಯಿ, ಗದ್ದೆ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಎರಡು ಹಾಡು ಸುಮ್ಮನೆ ಕೇಳಿ, “ಇವ ಯಾರಿಗೆ ಹಿಂಗೆ ಹೆದರ್ಸೂದು? ಯಾರಾದ್ರೂ ಎಂತಾದ್ರೂ ಅಂದ್ರೇನೆ ಇವಂಗೆ?” ಎಂದು ಕೇಳಿದಳು. ಯಾರೂ ಏನೂ ಅಂದಿರಲಿಲ್ಲ. ಅದೇ ತೊಂದರೆ ಇದ್ದೀತು.

ಕೊನೆಗೆ ಅಂದವಳು ಕಾರವಾರದ ಹೊಳೆಯಾಚೆ ಚಿತ್ತಾಕುಲದ ಅಮಿತಾ. ಬಿ.ಕಾಂ. ಓದುವ ಹುಡುಗಿ, ಅಡುಗೆಮನೆಯಲ್ಲಿ ನಿಂತು ಹಾಡು, ಸಿನಿಮಾಗಳ ಬಗ್ಗೆ ರೀಲ್ ಮಾಡುವವಳು. ತೆಂಗಿನಕಾಯಿ ತುರಿಯುತ್ತ ತುರಿಯುತ್ತ ಅವಳು ಹೇಳಿದ್ದು ಇಷ್ಟೇ: “ಹನ್ನೆರಡು ಹಾಡಲ್ಲಿ ‘ನಾನು’ ನಾನೂರ ಹದಿನಾರು ಸಲ ಬಂದದೆ. ನಾ ಲೆಕ್ಕ ಮಾಡಿದ್ದೆ. ‘ನೀನು’ ಬಂದದ್ದೆಲ್ಲ ಬೈಯೂಕೆ. ಮೂರು ವರ್ಷ ಕಾದದ್ದು ನಂದೇ ತಪ್ಪು.” ಎರಡು ದಿನದಲ್ಲಿ ಆ ರೀಲನ್ನು ನೋಡಿದವರು ಆಲ್ಬಮ್ ಕೇಳಿದವರಿಗಿಂತ ಹೆಚ್ಚಾದರು.

ಅಣ್ಣ ಮೊದಲು ಒಂದು ಪೋಸ್ಟ್ ಹಾಕಿದ. ‘ಸಿಂಹಾಸನ’ ಕಾಲಕ್ಕಿಂತ ಹತ್ತು ವರ್ಷ ಮುಂದಿದೆ, ಜನರಿಗೆ ನಿಧಾನವಾಗಿ ಅರ್ಥವಾಗುತ್ತದೆ ಎಂದು. ಅದರ ಕೆಳಗೆ ಯಾರೋ, ‘ಹಾಗಾದರೆ ಹತ್ತು ವರ್ಷ ಬಿಟ್ಟೇ ಬಿಡುಗಡೆ ಮಾಡಬಹುದಿತ್ತಲ್ಲ’ ಎಂದು ಬರೆದರು. ಆ ಭಾನುವಾರ ಅವನು ಕಾರು ತೆಗೆದುಕೊಂಡು ಊರಿಗೇ ಬಂದ.

“ಆ ಹುಡುಗಿ ಪೂರ್ತಿ ಕೇಳ್ಲೇ ಇಲ್ಲ. ಮುಖಾಮುಖಿ ಮಾತಾಡ್ತೆ. ನೀನೂ ಬಾ,” ಎಂದ.

“ನಾ ಎಂತಕ್ಕೆ?”

“ಒಬ್ಬನೇ ಹೋದ್ರೆ ಹೆದರ್ಸೂಕೆ ಬಂದ ಅಂತಾರೆ.”

“ಹಾಡಲ್ಲಿ ಅದೇ ಮಾಡ್ದೆಯಲ್ಲ,” ಎಂದೆ. ಅವನು ಕಾರಿನ ಬಾಗಿಲು ತೆರೆದ.

ಚಿತ್ತಾಕುಲದಲ್ಲಿ ಅವಳ ಮನೆಯ ಓಣಿಗೆ ಕಾರು ಹಿಡಿಸಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ನಡೆದ ಅಣ್ಣ ಒಣಹಾಕಿದ ಲುಂಗಿಯ ಕೆಳಗೆ ಬಗ್ಗಿ ದಾಟಬೇಕಾಯಿತು. ಅಮಿತಾ ಬಾಗಿಲಿಗೆ ಬಂದು ಅವನನ್ನು ಕಂಡಳು. ಮರುಗಳಿಗೆ, “ರಾಜೇಶಣ್ಣ! ಬನ್ನಿ ಬನ್ನಿ,” ಎಂದು ಒಳಗೆ ಓಡಿ ಕುರ್ಚಿ ತಂದಳು. ಅವಳ ತಾಯಿ ನೀತಾ ಕೋಕಂ ಶರಬತ್ತು ಕೊಟ್ಟರು. ಜಗಳಕ್ಕೆ ಬಂದವನ ಕೈಗೆ ಶರಬತ್ತು ಬಂದರೆ ಜಗಳ ಎಲ್ಲಿಂದ ಶುರುಮಾಡುವುದು? ಅಣ್ಣ ಅರ್ಧ ಲೋಟ ಕುಡಿದು ಗಂಟಲು ಸರಿಮಾಡಿಕೊಂಡ.

“ನೀನು ಆಲ್ಬಮ್ ಪೂರ್ತಿ ಕೇಳಿದ್ಯಾ?”

“ಹನ್ನೊಂದು ಸಲ,” ಎಂದಳು ಅಮಿತಾ. “ನಿಮ್ಮ ಹಾಡಲ್ವಾ, ಎಲ್ಲಾದ್ರೂ ಒಂದು ಒಳ್ಳೇ ಸಾಲು ತಪ್ಪಿಹೋಯ್ತೇನೋ ಅಂತ ಮತ್ತೆ ಮತ್ತೆ ಕೇಳ್ದೆ. ನೀವು ಎಷ್ಟು ಸಲ ಕೇಳಿದ್ರಿ?”

“ಹಾಡಿದವನೇ ನಾನು!”

“ಹಂಗಾರೆ ಇದು ಯಾವ ಹಾಡು ಹೇಳಿ.” ಅವಳು ಲೆಕ್ಕ ಬರೆದಿಟ್ಟ ಪುಸ್ತಕ ತೆರೆದು ಓದಿದಳು: “‘ನಾನು ಬೆಂಕಿ, ನೀನು ಬೂದಿ, ನನ್ನ ಹೆಸ್ರೇ ಊರ ಸುದ್ದಿ.’”

“ಮೂರನೇದು.”

“ಏಳನೇದು. ಇದು? ‘ಚಿನ್ನದ ಚೈನು, ನಾನೇ ಮೇನು.’”

ಅಣ್ಣ ನನ್ನ ಮುಖ ನೋಡಿದ. ನಾನು ಶರಬತ್ತಿನ ಲೋಟ ನೋಡಿದೆ. “ಐದು,” ಎಂದ.

“ಎರಡು. ಹೋಗ್ಲಿ, ಇದು ಸುಲಭ. ‘ಹುಲಿಯ ಹೆಜ್ಜೆ, ಸಿಂಹದ ಮಜ್ಜೆ, ನನ್ನ ನೋಡಿ ಬಾನಿಗೂ ಲಜ್ಜೆ.’”

“ಇದು ಗೊತ್ತದೆ!” ಅಣ್ಣ ತೊಡೆ ತಟ್ಟಿದ. “ಟೈಟಲ್ ಸಾಂಗು, ಎರಡನೇ ಚರಣ. ರೆಕಾರ್ಡ್ ಮಾಡೂಕೆ ಇಡೀ ದಿನ ಹಿಡೀತು.”

ಅಮಿತಾ ಪುಸ್ತಕ ಮುಚ್ಚಿದಳು. “ರಾಜೇಶಣ್ಣ, ಅದು ನಾ ಈಗ ನೀವು ಶರಬತ್ತು ಕುಡಿಯೂವಾಗ ಕಟ್ಟಿದ್ದು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ನೀತಾ ಅವರು ಇನ್ನೊಂದು ಲೋಟ ಬೇಕಾ ಎಂದು ಕೇಳಿದರು. ಅವನು ಬೇಕು ಎಂದ, ಕುಡಿದ, ಕೈಮುಗಿದು ಎದ್ದ.

ಸೇತುವೆ ದಾಟಿ ಕಾರವಾರದ ಪೇಟೆ ಕಳೆದೆವು. ಆಮೇಲೆ ಅಣ್ಣ ಕಾರನ್ನು ಬದಿಗೆ ಹಾಕಿದ.

“ಅದು ನಾ ಬರ್ದದ್ದಲ್ಲ ತಂಗಿ. ಕಂಪನಿಯ ಮೂರು ಜನ ಬರೀತಾರೆ. ನಾ ಹೋಗಿ ಓದಿ ಬಂದೆ. ನಾಲ್ಕನೇ ಹಾಡಿನ ನಂತರದ್ದು ನಾ ಕೇಳ್ಲೂ ಇಲ್ಲ.”

“ನೀ ಎಂತಕ್ಕೆ ಬರೀಲಿಲ್ಲ?”

“ಬರಿಯೂಕೆ ಕೂತ್ಕಂತೆ. ಎಂತದೂ ಬರೂದಿಲ್ಲ.” ಸ್ಟೇರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕಲು ಹೋಗಿ ಬಿಟ್ಟ. “ಮನೆಯಿಂದ ಕಾರು, ಕಾರಿಂದ ಲಿಫ್ಟು, ಲಿಫ್ಟಿಂದ ಸ್ಟುಡಿಯೋ. ಯಾರ ಸಂಗಡನೂ ಮಾತಿಲ್ಲ. ಎಂತದ್ರ ಮೇಲೆ ಬರೀಲಿ, ಲಿಫ್ಟಿನ ಮೇಲೆ?”

“ಲಿಫ್ಟಿನ ಮೇಲೇ ಬರೀಬೇಕಾಗಿತ್ತು,” ಎಂದೆ. ಅವನಿಗೆ ಸಿಟ್ಟು ಬಂತು. ಮರುದಿನ ಬೆಳಗಿನ ಗಂಜಿಗೂ ಕಾಯದೆ ಹೊರಟುಹೋದ. ಒಂದು ವರ್ಷ ಬರೆದುಕೊಂಡು ಕೂರುತ್ತಾನೆ, ಹೊಸದೇನಾದರೂ ತರುತ್ತಾನೆ ಎಂದು ನಾನು ನಂಬಿದ್ದೆ. ತಂಗಿ ಅಲ್ಲವೇ, ಅಷ್ಟಾದರೂ ನಂಬಬೇಕು.

ಎರಡು ತಿಂಗಳಿಗೆ ಅವನು ಟಿವಿಯಲ್ಲಿ ಕಾಣಿಸಿಕೊಂಡ, ರ್‍ಯಾಪ್ ಸ್ಪರ್ಧೆಯೊಂದರ ತೀರ್ಪುಗಾರನಾಗಿ. ಹೊಸಬರಿಗೆ ಸ್ವಂತಿಕೆ ಹೇಳಿಕೊಡುವುದು ಅವನ ಕೆಲಸ. ಕಳೆದ ಶನಿವಾರ ಯಲ್ಲಾಪುರದ ಹುಡುಗಿಯೊಬ್ಬಳು, ಭವ್ಯಾ ಎಂದು, ತನ್ನ ಹಾಸ್ಟೆಲಿನ ಸಾರಿನ ಮೇಲೆ ಹಾಡಿದಳು. ಅಣ್ಣ ಎದ್ದು ನಿಂತು, “ಹೃದಯದಿಂದ ಬಂದ ಮಾತು ಇದು,” ಎಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಆಯಿ ಪಾಪ ತಾನೂ ಒರೆಸಿಕೊಂಡಳು.

ನಾನು ಫೋನ್ ಮಾಡಿ, “ಚಲೋ ಹೇಳ್ದೆ,” ಎಂದೆ.

“ಅದೆಲ್ಲ ಮೊದ್ಲೇ ಬರ್ದು ಕೊಟ್ಟಿರ್ತಾರೆ ತಂಗಿ. ಕಣ್ಣು ಯಾವಾಗ ಒರ್ಸೂದು ಅಂತನೂ.” ಆಮೇಲೆ ಕೇಳಿದ, “ಆ ಹುಡುಗಿ ಸಾರಿನ ಬಗ್ಗೆ ಎಂತದೋ ಹೇಳ್ದಳಲ್ಲ, ಎಲ್ಲಾ ನಕ್ಕಿದ್ರು. ಎಂತ ಅದು? ಕಿವಿಯಲ್ಲಿ ಡೈರೆಕ್ಟರ್ ಮಾತಾಡ್ತಿದ್ರು, ನಂಗೆ ಕೇಳ್ಲೇ ಇಲ್ಲ.”

“‘ಸಾರಲ್ಲಿ ಬೇಳೆ ಒಂದೇ ಒಂದು, ಅದಕ್ಕೂ ರೂಂ ನಂಬರ್ ಕೊಟ್ಟಾರೆ ಇಂದು.’”

ಅಣ್ಣ ನಕ್ಕ. ಬಸ್ಸಿನ ಕಾಲದಲ್ಲಿ ನಗುತ್ತಿದ್ದ ಹಾಗೆ, ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕ. ಮತ್ತೆ, “ಇಂಥದ್ದು ಬಾಯಿಗೆ ಬರೂಕೆ ಎಂತ ತಿನ್ಬೇಕು ಮಾರಾಯ್ತಿ?” ಎಂದ.

“ಹಾಸ್ಟೆಲ್ ಸಾರು,” ಎಂದೆ.