ದಾವಲಣ್ಣನ ನೆರಳಿನಲ್ಲಿ ನಿಂತ ಹೂಕುಂಡ

ನೆನೆದ ಗೋಣಿಯ ವಾಸನೆ ನನಗೆ ಇನ್ನೂ ನೆನಪಿದೆ. ನಾನು ಒಂದು ಸಿಮೆಂಟಿನ ಹೂಕುಂಡ. ಅಚ್ಚಿನಿಂದ ಬಿಡಿಸಿದ ಮೇಲೆ ಬಿಸಿಲಿಗೆ ಬಿರಿಯಬಾರದೆಂದು ನನಗೆ ಗೋಣಿ ಹೊದಿಸಿ, ಹೊತ್ತುಹೊತ್ತಿಗೆ ನೀರು ಹನಿಸುತ್ತಿದ್ದರು. ಹಸುಗೂಸನ್ನು ನೋಡಿಕೊಂಡಂತೆ ನೋಡಿಕೊಂಡರು. ನನ್ನಿಂದ ಯಾರಿಗಾದರೂ ಕೇಡಾದೀತೆಂದು ಆಗ ನನಗೇನು ಗೊತ್ತು?

ನನ್ನನ್ನು ಕೊಂಡವರು ಗಡಿಯಾರ ಬೀದಿಯ ಕಟ್ಟಡ ಮಾಲೀಕರ ಸಂಘದವರು. ಪುರಸಭೆಯವರು ಊರಿಗೆಲ್ಲ ಮಾಡುವಷ್ಟು ಚಾಕರಿ ಪೇಟೆಗೆ ಸಾಲದೆಂದು ಅವರೆಲ್ಲ ಕೂಡಿ ವಂತಿಗೆ ಹಾಕಿಕೊಂಡಿದ್ದರು. ಕಟ್ಟಡ ಬೀದಿಗೆ ಎಷ್ಟು ಅಗಲವೋ ವಂತಿಗೆ ಅಷ್ಟು. ಸಂಘದಲ್ಲಿ ಮಾತಿನ ತೂಕವೂ ಅಷ್ಟೇ. ಆ ಹಣದಿಂದ ಎರಡು ಹೊತ್ತು ಗುಡಿಸುವವರು ಬಂದರು, ಹೊಸ ದೀಪಗಳು ಬಂದವು, ಕಾವಲಿಗೆ ಒಬ್ಬ ಬಂದ. ಸಂಜೆ ಹೆಣ್ಣುಮಕ್ಕಳು ಹೆದರದೆ ನಡೆದು ಹೋಗುವುದನ್ನು ನಾನೇ ಕಂಡಿದ್ದೇನೆ. ಒಳ್ಳೆಯದನ್ನು ಒಳ್ಳೆಯದೆನ್ನಬೇಕು.

ಕಟ್ಟಡಗಳ ಮುಂದೆ ಒಂದಿಷ್ಟು ಹಸಿರಿರಲಿ ಎಂದು ಕುಂಡಗಳನ್ನು ಕೇಳಿದವರು ನೀಲವ್ವ. ಬೀದಿಯಲ್ಲೆಲ್ಲ ಕಿರಿದಾದ ಕಟ್ಟಡ ಅವರದು. ಕೆಳಗೆ ಬಾಡಿಗೆಗೆ ಕೊಟ್ಟ ಪಾತ್ರೆ ಅಂಗಡಿ, ಮೇಲೆ ಅವರ ಮನೆ. ಅವರ ಗೋಡೆಯ ನೆರಳಲ್ಲಿ ಖಾಲಿ ಜಾಗ ಕಂಡು ಕೆಲಸದವರು ನನ್ನನ್ನು ಅಲ್ಲಿಳಿಸಿದರು.

ಅದು ಖಾಲಿ ಜಾಗವಾಗಿರಲಿಲ್ಲ. ಕೊಡೆ, ಜಿಪ್ಪು ರಿಪೇರಿ ಮಾಡುವ ದಾವಲಸಾಬರು ತಲೆ ಕಪ್ಪಿದ್ದ ಕಾಲದಿಂದ ಕೂರುತ್ತಿದ್ದ ಜಾಗ. ನನ್ನನ್ನು ಇಳಿಸಿದ ದಿನ ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಬಿಟ್ಟುಬರಲು ಪರವೂರಿಗೆ ಹೋಗಿದ್ದರು. ಮರಳಿ ಬಂದವರು ಹೆಗಲ ಚೀಲ ಇಳಿಸದೆ ನನ್ನೆದುರು ನಿಂತರು. ನನ್ನ ಗಿಡದ ಎಲೆಯೊಂದನ್ನು ಮುಟ್ಟಿ, "ಚಲೋ ಐತಿ" ಎಂದರು. ಮತ್ತೆ ರಸ್ತೆ ದಾಟಿ ಎದುರಿನ ಬಿಸಿಲಿಗೆ ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಯೂ ಕಾವಲಿನವ ಕೂರಗೊಡಲಿಲ್ಲ. ದಿನಕ್ಕೊಂದು ಕಡೆ ಕೂರುವವರನ್ನು ಗಿರಾಕಿಗಳು ಎಲ್ಲಿ ಹುಡುಕಬೇಕು? ಮುರಿದ ಕೊಡೆ ಹಿಡಿದು ಬಂದವರು ನನ್ನನ್ನು ಕಂಡು ಹಿಂದಿರುಗುತ್ತಿದ್ದರು. ಮೇಲಿನ ಕಿಟಕಿಯಿಂದ ನೀಲವ್ವ ಎಲ್ಲವನ್ನೂ ನೋಡುತ್ತಿದ್ದರು. ನನಗೆ ನೀರು ಹಾಕಲು ಬಂದಾಗ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಅವರ ಕಟ್ಟಡದ ಪಾತ್ರೆ ಅಂಗಡಿಯಲ್ಲೇ ಸಂಘದ ಸಭೆ ಸೇರಿತು. ಕುಂಡವನ್ನು ಸರಿಸಿ ದಾವಲಣ್ಣನಿಗೆ ಜಾಗ ಬಿಡಿ ಎಂದು ನೀಲವ್ವ ಕೇಳಿದರು. ಬೀದಿಯಲ್ಲೇ ಅಗಲವಾದ ಬಟ್ಟೆ ಅಂಗಡಿಯ ಕೊಟ್ರಪ್ಪನವರು ಅಧ್ಯಕ್ಷರು.

"ಕುಂಡ ಇಡ್ರಿ ಅಂದವರೂ ನೀವ, ತೆಗೀರಿ ಅನ್ನವರೂ ನೀವ. ನಾಳೆ ದೀಪ ಕಣ್ಣಿಗೆ ಚುಚ್ಚತಾವು, ಆರಿಸ್ರಿ ಅಂತೀರೇನು ನೀಲವ್ವಾರ?"

ಎಲ್ಲರೂ ನಕ್ಕರು. ಒಬ್ಬರಿಗೆ ಬಿಟ್ಟರೆ ಹತ್ತು ಜನ ಬರುತ್ತಾರೆಂದರು. ನೀಲವ್ವನ ಪರ ಒಂದೂ ಕೈ ಏಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಚು ಬಿರಿದಿದೆ, ಗಿಡ ಮೂರು ಸಲ ಬದಲಾಗಿದೆ. ಬೇರೊಬ್ಬರ ಜಾಗದಲ್ಲಿ ನಿಂತಿದ್ದೇನೆಂಬ ಅಳುಕು ಹೋಗಿಲ್ಲ. ಅದು ಸ್ವಲ್ಪ ಇಳಿದದ್ದು ಸಭೆಯ ಮಾರನೆಯ ಮಧ್ಯಾಹ್ನ.

ಮೇಲಿನ ಮನೆಗೆ ಹೋಗುವ ಮೆಟ್ಟಿಲು ನನ್ನ ಪಕ್ಕದಲ್ಲೇ, ಗೋಡೆಯ ಒಳಗಿದೆ. ಅದು ನೀಲವ್ವನ ಸ್ವಂತ ಜಾಗ, ಅಲ್ಲಿ ಸಂಘದ ಮಾತು ನಡೆಯದು. ನೀಲವ್ವ ಬೆಳಗಿನಿಂದ ಪಾತ್ರೆ ಅಂಗಡಿಯವನೊಡನೆ ವಾದ ಮಾಡಿ, ಅವನು ಅಲ್ಲಿ ಪೇರಿಸಿದ್ದ ಡಬ್ಬಿಗಳನ್ನು ತೆಗೆಸಿ, ಕೆಳಗಿನ ಮೆಟ್ಟಿಲನ್ನು ತಾವೇ ಒರೆಸಿದರು. ದಾವಲಣ್ಣನನ್ನು ಕೂಗಿ ಕರೆದು, ಇನ್ನು ಮೇಲೆ ಅಲ್ಲೇ ಕೂತು ಕೆಲಸ ಮಾಡಲು ಹೇಳಿದರು.

"ಹೋಗಿ ಬರೋರಿಗೆ ಅಡ್ಡ ಆಕ್ಕೈತ್ರಿ ಅವ್ವಾರ."

"ಅಡ್ಡ ಆದಾಕಿ ನಾನು, ದಾವಲಣ್ಣ. ಮ್ಯಾಲಿಂದ ಹಸಿರು ಕಾಣಲಿ ಅಂದೆ. ಕೆಳಗ ಯಾರು ಕುಂತಾರ ಅಂತ ನೋಡಲಿಲ್ಲ."

ದಾವಲಣ್ಣ ಚೀಲ ಇಳಿಸಿ ಕುಳಿತರು. ನೀಲವ್ವ ಮಾತ್ರ ಸೆರಗು ಹಿಂಡುತ್ತ ನಿಂತೇ ಇದ್ದರು. ಊಟವಾಯಿತೇ ಎಂದು ದಾವಲಣ್ಣ ಕೇಳಿದರು. ದಾವಲಣ್ಣ ಬುತ್ತಿ ಬಿಚ್ಚಿ, ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಮೇಲಕ್ಕೆ ಚಾಚಿದರು. ನೀಲವ್ವ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಎರಡೂ ಕೈಯೊಡ್ಡಿ ತೆಗೆದುಕೊಂಡರು.