ಹನ್ನೆರಡು ತೂತಿನ ಪರೀಕ್ಷೆ

ಮೂವತ್ತೊಂದು ವರ್ಷ ಹ್ಯಾಂಡಲ್ ತಿರುಗಿಸಿ ಮಿಲ್ಲಿಂಗ್ ಮಷೀನಲ್ಲಿ ಉಕ್ಕು ಕೊರೆದ ನನಗೆ ಪರೀಕ್ಷೆಯಂತೆ. ಅದಕ್ಕೆ ಪಾಠ ಯಾರ ಕೈಲಿ? ನನ್ನ ಮಗಳ ಕೈಲಿ. ಇಬ್ಬರದ್ದೂ ಒಂದೇ ಕಾರ್ಖಾನೆ. ನಾನು ಹಳೇ ಮಷೀನಿನವನು, ಅವಳು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸೋ ಮಷೀನಿನ ಪ್ರೋಗ್ರಾಮರ್. ಹಳೇ ಮಷೀನು ಮೂಲೆ ಸೇರಿದ ದಿನವೇ ಫೋರ್‌ಮನ್ ಖಡಾಖಂಡಿತವಾಗಿ ಹೇಳಿಬಿಟ್ಟ: "ಹೊಸದರಲ್ಲಿ ತಪ್ಪಿಲ್ಲದೆ ಒಂದು ಪ್ರೋಗ್ರಾಮ್ ಬರೀರಿ, ಮಷೀನ್ ನಿಮ್ಮದು. ಇಲ್ಲಾಂದ್ರೆ ಸ್ಟೋರಿಗೆ ಹೋಗಿ." ಸ್ಟೋರಲ್ಲಿ ಕೂತು ನಟ್ಟು ಬೋಲ್ಟು ಹಂಚೋದಾ ನಾನು? ನೆನೆಸಿಕೊಂಡರೇ ಊಟ ಸೇರ್ತಿರಲಿಲ್ಲ.

ಒಂದು ತಿಂಗಳು ಮನೆಯಲ್ಲಿ ಪಾಠ ನಡೀತು. ತೂತಿನ ಆಳ, ಡ್ರಿಲ್ ಇಳಿಯೋ ವೇಗ, ಮತ್ತೆ ಮೇಲೇಳೋ ಎತ್ತರ, ಇಷ್ಟನ್ನು ಒಂದು ಸಲ ಬರೆದರೆ ಸಾಕು. ಆಮೇಲೆ ತೂತುಗಳ ಜಾಗ ಹೇಳ್ತಾ ಹೋದರೆ ಮಷೀನೇ ಅದನ್ನೇ ಮಾಡ್ತಾ ಹೋಗುತ್ತೆ. ಅದಕ್ಕೆ ಸೈಕಲ್ ಅಂತಾರೆ. "ಅಪ್ಪಾ, ಮತ್ತೆ ದಶಮಾಂಶದ ಚುಕ್ಕಿ ಬಿಟ್ಟಿದ್ದೀಯ" ಅಂತ ಅವಳು ಗದರೋದು, ನಾನು ಸಿಡುಕೋದು, ನನ್ನ ಹೆಂಡತಿ "ಇಬ್ಬರೂ ಒಂದೇ ಅಚ್ಚು" ಅಂತ ನಗೋದು.

ಪರೀಕ್ಷೆಗೆ ಸಿಕ್ಕಿದ್ದು ಉದ್ದನೆಯ ಉಕ್ಕಿನ ಪ್ಲೇಟು, ಸಾಲಾಗಿ ಹನ್ನೆರಡು ತೂತು. ಅಲುಗಾಡಬಾರದು ಅಂತ ಎರಡು ತುದಿಗೂ ಮಧ್ಯಕ್ಕೂ ಒತ್ತಿ ಹಿಡಿಯೋ ಕ್ಲಾಂಪ್ ಹಾಕಿ ಬೋಲ್ಟಿನಿಂದ ಬಿಗಿದೆ. ಒಂದೇ ಬೆರಳಲ್ಲಿ ಒತ್ತಿ ಒತ್ತಿ ಪ್ರೋಗ್ರಾಮ್ ಹಾಕಿದೆ. ಸ್ಕ್ರೀನಿನಲ್ಲಿ ಹನ್ನೆರಡೂ ತೂತು ಚೆಂದಾಗಿ ಮೂಡಿದವು. ಮಗಳು ಮೂರು ಸಲ ಓದಿ ಸರಿಯಿದೆ ಅಂದಳು. ನಿಜವಾಗಿ ಕೊರೆಯೋ ಮೊದಲು ಡ್ರಿಲ್ಲನ್ನು ಪ್ಲೇಟಿಗಿಂತ ಒಂದು ಗೇಣು ಮೇಲೆ ಗಾಳಿಯಲ್ಲೇ ಓಡಿಸಿ ನೋಡೋದು ಪದ್ಧತಿ. ಓಡಿಸಿದೆ.

ಆರನೇ ತೂತು ಮುಗಿದು ಡ್ರಿಲ್ ಏಳನೆಯದಕ್ಕೆ ಹೊರಟಾಗ ನನ್ನ ಬಲಗೈ ತಾನಾಗೇ ಎದ್ದು ಗಾಳಿಯಲ್ಲಿ ಹ್ಯಾಂಡಲ್ ತಿರುಗಿಸಿತು. ಅಲ್ಲಿ ಮಧ್ಯದ ಕ್ಲಾಂಪ್ ಇತ್ತು. ಹಳೇ ಮಷೀನಲ್ಲಿ ಕ್ಲಾಂಪ್ ಬಂದರೆ ಈ ಕೈ ಡ್ರಿಲ್ಲನ್ನು ಎತ್ತಿಬಿಡ್ತಿತ್ತು, ನನ್ನನ್ನು ಕೇಳ್ತಾನೇ ಇರಲಿಲ್ಲ. ಹಾಗಾಗಿ ಅದನ್ನು ಬರೀಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ನಾನು ಬರೆದ ಸೈಕಲ್ಲಿನಲ್ಲಿ ಡ್ರಿಲ್ ಪ್ಲೇಟಿನಿಂದ ಮೇಲೇಳೋದು ಮೂರೇ ಮಿಲಿಮೀಟರ್.

ಅಷ್ಟರಲ್ಲಿ ಪಕ್ಕದಲ್ಲೇ ನಿಂತು ನೋಡ್ತಿದ್ದ ಫೋರ್‌ಮನ್ ಪೆನ್ನು ತೆಗೆದು, "ಪಾಸು ಬಿಡಿ" ಅಂದ.

ಬಾಯಿ ಮುಚ್ಕೊಂಡು ಆಮೇಲೆ ಸದ್ದಿಲ್ಲದೆ ತಿದ್ದಿಬಿಡೋಣ ಅಂತ ಅನ್ನಿಸಿದ್ದು ಸುಳ್ಳಲ್ಲ. ಆದರೆ ನನ್ನ ಬಾಯಿ ಎಂದಾದರೂ ನನ್ನ ಮಾತು ಕೇಳಿದೆಯಾ? "ಪಾಸಲ್ಲ. ನಿಜಕ್ಕೂ ಓಡಿಸಿದ್ರೆ ಆ ಕ್ಲಾಂಪಿಗೆ ಗುದ್ದಿ ಡ್ರಿಲ್ ಮುರಿಯುತ್ತೆ" ಅಂದೆ.

ಮಗಳು ಕ್ಲಾಂಪಿನ ಬೋಲ್ಟ್ ಅಳೆದಳು. ಪ್ಲೇಟಿನಿಂದ ಇಪ್ಪತ್ತೆರಡು ಮಿಲಿಮೀಟರ್ ಎತ್ತರ.

"ತಪ್ಪಿಲ್ಲದೆ ಅಂತ ಹೇಳಿದ್ದೆ" ಅಂತ ಫೋರ್‌ಮನ್ ಪೆನ್ನಿನ ಮುಚ್ಚಳ ಹಾಕಿದ.

"ಮೂರು ಸಲ ಓದಿದ್ರೂ ನನಗೆ ಕಾಣಲಿಲ್ಲ ಸರ್" ಅಂದಳು ಮಗಳು. "ಅಪ್ಪನ್ನ ಸ್ಟೋರಿಗೆ ಕಳಿಸೋದಾದ್ರೆ ನನ್ನನ್ನೂ ಕಳಿಸಿ. ಅಲ್ಲೇ ಜಗಳ ಆಡ್ಕೊಂಡು ಇರ್ತೀವಿ."

ಫೋರ್‌ಮನ್ ಇಬ್ಬರನ್ನೂ ನೋಡಿದ. ಆ ಜಗಳ ಅವನಿಗೆ ಚೆನ್ನಾಗಿ ಗೊತ್ತು. "ಮುರಿಯೋ ಮೊದಲೇ ತಪ್ಪು ಹಿಡಿಯೋರು ಮಷೀನ್ ಹತ್ರಾನೇ ಇರಲಿ" ಅಂತ ನಕ್ಕು ಸಹಿ ಹಾಕಿದ. ಡ್ರಿಲ್ ಕ್ಲಾಂಪಿಗಿಂತ ಮೇಲೆದ್ದು ದಾಟೋ ಹಾಗೆ ಒಂದು ಸಾಲು ತಿದ್ದಿ, ಹನ್ನೆರಡೂ ತೂತು ಕೊರೆದೆ.

ಸಂಜೆ ಕೈ ತೊಳೀತಿದ್ದೆ. ಮಗಳು ನಾಳೆಗೆ ತಾನು ಬರೆದ ಪ್ರೋಗ್ರಾಮಿನ ಹಾಳೆ ತಂದು, "ಅಪ್ಪಾ, ಓಡಿಸೋ ಮೊದಲು ನೀನೊಂದು ಸಲ ನೋಡಿಬಿಡು" ಅಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಮೊದಲನೇ ಸಾಲನ್ನೇ ನಾಲ್ಕು ಸಲ ಓದಿದೆ.